ನಂಬರು ನಿಮ್ಮದು, ಕಂಪನಿಯದ್ದಲ್ಲ!



ನಿಮ್ಮ ಮೊಬೈಲ್ ನಂಬರು ಯಾರದು?

"ಇದೇನ್ ಸಾರ್ ಪ್ರಶ್ನೆ, ನಂದೇ" ಎನ್ನುತ್ತೀರಿ. ಸರಿ. ಹಾಗಾದರೆ ಸಿಗ್ನಲ್ ಕೊಡದ, ದುಡ್ಡು ಮಾತ್ರ ಮರೆಯದೆ ಕೇಳುವ ಕಂಪನಿಯ ಜೊತೆ ಇನ್ನೂ ಯಾಕೆ ಏಗುತ್ತಿದ್ದೀರಿ? "ಹತ್ತು ವರ್ಷದ ನಂಬರು, ಎಲ್ಲರ ಹತ್ರ ಇದೇ ಇದೆ, ಕಂಪನಿ ಬಿಟ್ರೆ ನಂಬರೂ ಹೋಯ್ತಲ್ಲ" ಎಂಬ ಮಾತು ನನ್ನ ಪ್ರೆಸ್ಸಿನ ಜಗಲಿಯ ಮೇಲೆ ಇವತ್ತಿಗೂ ವಾರಕ್ಕೊಮ್ಮೆ ಕೇಳಿಬರುತ್ತದೆ. ನಂಬರು ಬಿಡದೆ ಕಂಪನಿ ಬಿಡುವ ಹಕ್ಕು ಈ ದೇಶದ ಪ್ರತಿಯೊಬ್ಬ ಮೊಬೈಲುದಾರನಿಗೆ ಸಿಕ್ಕಿದ್ದು 2011ರ ಜನವರಿ 20ರಂದು. ಹದಿನಾಲ್ಕು ವರ್ಷಕ್ಕೂ ಮೇಲಾಯಿತು!

ಬೆಂಗಳೂರು, ಮೈಸೂರಿನಲ್ಲಿರುವ ನಿಮಗೆ 'ಪೋರ್ಟ್' ಎಂಬ ಪದ ಗೊತ್ತು. ಆದರೆ ನಿಮ್ಮಲ್ಲಿ ಎಷ್ಟೋ ಜನ ಅದನ್ನು ಆಫರ್ ಸಿಕ್ಕಾಗ ಆಡುವ ಆಟ ಎಂದುಕೊಂಡಿದ್ದೀರಿ. ನಿಮ್ಮೂರಿನಲ್ಲಿರುವ ಅಪ್ಪ ಅಮ್ಮನಿಗೆ ಆ ಪದವೂ ಗೊತ್ತಿಲ್ಲ. ಹಕ್ಕು ಗೊತ್ತಿದ್ದವನು ಅದನ್ನು ಆಟ ಮಾಡಿಕೊಂಡಿದ್ದಾನೆ, ಅದರ ಅಗತ್ಯ ಇರುವವನಿಗೆ ಅದು ಗೊತ್ತೇ ಇಲ್ಲ. ಅದಕ್ಕೇ ಈ ಬರಹ.

ಅಚ್ಚಾದ ನಂಬರು

ನಾನು ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಊರಲ್ಲಿ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಆದರೆ ಈ ಸೀಮೆಯ ಜನರ ನಂಬರುಗಳನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಲೆಟರ್‌ಹೆಡ್, ಗೊಬ್ಬರದಂಗಡಿ ಚೀಲ, ಜಾತ್ರೆ ಕರಪತ್ರ, ಏನೇ ಅಚ್ಚಾಗಲಿ ಕೊನೆಯ ಸಾಲು ಮೊಬೈಲ್ ನಂಬರು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಗಿರಾಕಿ ನಕ್ಕು ಸುಮ್ಮನಾದಾನು. ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಇಡೀ ಕಟ್ಟು ವಾಪಸ್ ಬರುತ್ತದೆ.

ಹಿಂದೆ ನಂಬರು ನೋಡಿದರೆ ಕಂಪನಿ ಯಾವುದೆಂದು ಹೇಳಬಹುದಿತ್ತು. 94480 ಎಂದರೆ ಬಿಎಸ್‌ಎನ್‌ಎಲ್. 98450 ಎಂದರೆ ಏರ್‌ಟೆಲ್. 98440 ಸ್ಪೈಸ್, 98860 ಹಚ್. ಹೊಸ ಕಂಪನಿಗೆ ಹೋದವನು ಹೊಸ ನಂಬರು ತಗೊಂಡು ಬರುತ್ತಿದ್ದ. ಅರ್ಧ ಖಾಲಿಯಾಗಿದ್ದ ಬಿಲ್ ಪುಸ್ತಕ ರದ್ದಿಗೆ ಹೋಗುತ್ತಿತ್ತು. ದುಡ್ಡಿಲ್ಲದವನು ಬೆರಳುದ್ದದ ಚೀಟಿ ಅಚ್ಚು ಹಾಕಿಸಿ ಹಳೆಯ ನಂಬರಿನ ಮೇಲೆ ಅಂಟಿಸುತ್ತಿದ್ದ. ನನಗೇನು, ಅಚ್ಚಿನ ಕೆಲಸ ಸಿಗುತ್ತಿತ್ತು! ಆದರೆ ಆ ಚೀಟಿಯನ್ನು ಅಂಟಿಸುವವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಂಬರು ಹೋದರೆ ಗಿರಾಕಿ ಹೋದ ಹಾಗೆ. ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನಿಗೆ ಅಂಗಡಿಯೇ ಇಲ್ಲ, ಬೋರ್ಡೂ ಇಲ್ಲ. ಹತ್ತು ಅಂಕಿಯೇ ಅವನ ಅಂಗಡಿ.

ಇವತ್ತು ಅದು ಇನ್ನೂ ಹೆಚ್ಚಾಗಿದೆ. ಬ್ಯಾಂಕಿನ ಓಟಿಪಿ ಆ ನಂಬರಿಗೆ. ಫೋನ್‌ನಲ್ಲಿ ದುಡ್ಡು ಕಳಿಸಲು ಆ ನಂಬರು. ಆಧಾರ್‌ಗೆ, ಗ್ಯಾಸಿಗೆ, ಮಗಳ ವಿದ್ಯಾರ್ಥಿ ವೇತನದ ಅರ್ಜಿಗೆ, ಅಮ್ಮನ ಗೃಹಲಕ್ಷ್ಮಿಗೆ ಅದೇ ನಂಬರು. ಅದು ಬದಲಾದರೆ ಒಂದೊಂದು ಕಡೆಯೂ ತಿದ್ದಿಸಬೇಕು. ನಿಮಗೆ ಅದು ಅರ್ಧ ಗಂಟೆಯ ಕೆಲಸ ಇರಬಹುದು. ಪೋಡಿನಿಂದ ಬಸ್ ಹಿಡಿದು ಯಳಂದೂರಿಗೆ ಬರುವ ಸೋಲಿಗ ಹೆಣ್ಣುಮಗಳಿಗೆ ಒಂದೊಂದು ತಿದ್ದುಪಡಿಗೂ ಒಂದೊಂದು ದಿನದ ಕೂಲಿ ಹೋಗುತ್ತದೆ.

ನಂಬರು ನಿಜಕ್ಕೂ ಯಾರ ಸ್ವತ್ತು?

ಕಾನೂನಿನ ಪ್ರಕಾರ ನಂಬರುಗಳು ದೇಶದ ಸ್ವತ್ತು. ಕೇಂದ್ರ ದೂರಸಂಪರ್ಕ ಇಲಾಖೆ ಅವನ್ನು ಸರಣಿ ಸರಣಿಯಾಗಿ ಕಂಪನಿಗಳಿಗೆ ಹಂಚುತ್ತದೆ, ಕಂಪನಿ ನಮಗೆ ಕೊಡುತ್ತದೆ. ಅಂದರೆ ಕಂಪನಿ ನಂಬರಿನ ಯಜಮಾನನಲ್ಲ. ಸರ್ಕಾರಿ ಕೆರೆಯ ನೀರನ್ನು ಕಾಲುವೆಯಲ್ಲಿ ಹರಿಸಿಕೊಡುವ ನೀರುಗಂಟಿ, ಅಷ್ಟೆ. ನೀರುಗಂಟಿಯ ಜೊತೆ ಜಗಳವಾದರೆ ಗದ್ದೆಯನ್ನೇ ಬಿಟ್ಟು ಹೋಗು ಅಂದರೆ ಯಾವ ನ್ಯಾಯ?

ನಮ್ಮ ಬೆಟ್ಟದ ರಂಗಪ್ಪನಿಗೆ ಭಕ್ತರು ದೊಡ್ಡ ದೊಡ್ಡ ಚರ್ಮದ ಚಪ್ಪಲಿ ಹೊಲಿದು ಒಪ್ಪಿಸುತ್ತಾರೆ. ಸ್ವಾಮಿ ರಾತ್ರಿ ಕಾಡು ಸುತ್ತಿ ಚಪ್ಪಲಿ ಸವೆಸುತ್ತಾನೆ ಎಂಬ ನಂಬಿಕೆ. ಸವೆದರೆ ಹೊಸ ಜೋಡು ಬರುತ್ತದೆ. ಚಪ್ಪಲಿ ಬದಲಾಯಿತೆಂದು ಯಾರಾದರೂ ಸ್ವಾಮಿಯ ಹೆಸರು ಬದಲಾಯಿಸಿದ್ದಾರಾ? ಸಿಮ್ಮು ಚಪ್ಪಲಿಯ ಹಾಗೆ. ಸವೆದರೆ ಬಿಡಿ. ಹೆಸರು ಯಾಕೆ ಬಿಡುತ್ತೀರಿ?

ತಡವಾಗಿ ಬಂದ ನ್ಯಾಯ

ಈ ಹಕ್ಕು ಸುಮ್ಮನೆ ಬರಲಿಲ್ಲ. ಸಿಂಗಪುರದಲ್ಲಿ 1997ರಲ್ಲೇ ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸಬಹುದಿತ್ತು. ಅಮೆರಿಕದಲ್ಲಿ 2003ರಲ್ಲಿ ಬಂತು. ಪಕ್ಕದ ಪಾಕಿಸ್ತಾನದಲ್ಲಿ 2007ರಲ್ಲಿ ಬಂತು. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ಬರೆದದ್ದು 2009ರ ಸೆಪ್ಟೆಂಬರ್‌ನಲ್ಲಿ. ಜಾರಿಗೆ ಬರುವುದು 2009ರ ಡಿಸೆಂಬರ್ ಕೊನೆಗೆ ಎಂದರು. ಆಮೇಲೆ 2010ರ ಮಾರ್ಚ್ ಎಂದರು. ಜೂನ್ ಎಂದರು. ಅಕ್ಟೋಬರ್ ಎಂದರು. ಸಿದ್ಧತೆ ಆಗಿಲ್ಲ, ಸಿದ್ಧತೆ ಆಗಿಲ್ಲ... ಇದೇ ರಾಗ. ಕಡೆಗೂ 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಶುರುವಾಗಿ, ಮುಂದಿನ ಜನವರಿ 20ಕ್ಕೆ ನಮ್ಮ ರಾಜ್ಯವೂ ಸೇರಿ ದೇಶಕ್ಕೆಲ್ಲ ಬಂತು.

ಬಂದದ್ದು ಎಷ್ಟು ಒಳ್ಳೆಯದಾಯಿತು ಎಂಬುದು 2017-18ರಲ್ಲಿ ಗೊತ್ತಾಯಿತು. ರಿಲಯನ್ಸ್ ಕಮ್ಯುನಿಕೇಷನ್ಸ್ ಮೊಬೈಲ್ ಸೇವೆ ನಿಲ್ಲಿಸಿತು. ಏರ್‌ಸೆಲ್ ದಿವಾಳಿಯಾಯಿತು. ಟಾಟಾದವರ ಮೊಬೈಲ್ ವ್ಯಾಪಾರ ಏರ್‌ಟೆಲ್‌ಗೆ ಸೇರಿತು. ಕಂಪನಿ ಮುಳುಗಿದರೂ ಅದರ ಗಿರಾಕಿಗಳು ತಮ್ಮ ನಂಬರನ್ನು ಎತ್ತಿಕೊಂಡು ಬೇರೆ ದೋಣಿ ಹತ್ತಿದರು. ಆ ನಿಯಮ ಇಲ್ಲದಿದ್ದರೆ ಕೋಟಿಗಟ್ಟಲೆ ನಂಬರುಗಳು ಕಂಪನಿಯ ಜೊತೆಗೇ ಮುಳುಗುತ್ತಿದ್ದವು. 2024ರ ಹೊತ್ತಿಗೆ ದೇಶದಲ್ಲಿ ಹೀಗೆ ಬದಲಾಯಿಸಲು ಬಂದ ಕೋರಿಕೆಗಳ ಒಟ್ಟು ಲೆಕ್ಕ 100 ಕೋಟಿ ದಾಟಿತು.

ಗಡಿಯ ಕನ್ನಡಿಗನಿಗೆ ಇನ್ನೂ ನಾಲ್ಕು ವರ್ಷ

ಇಲ್ಲಿ ಒಂದು ಮಾತು ಹೇಳಲೇಬೇಕು. 2011ರಲ್ಲಿ ಸಿಕ್ಕ ಹಕ್ಕು ಒಂದು ಸರ್ಕಲ್ಲಿನ ಒಳಗೆ ಮಾತ್ರ. ಸರ್ಕಲ್ ಎಂದರೆ ಟೆಲಿಫೋನಿನವರು ಹಾಕಿದ ಗೆರೆ, ಹೆಚ್ಚೂಕಡಿಮೆ ರಾಜ್ಯದ ಗಡಿ. ನಮ್ಮ ಬೆಟ್ಟದ ದಕ್ಷಿಣಕ್ಕೆ ತಾಳವಾಡಿ ಇದೆ. ಅಲ್ಲಿ ಮನೆಮಾತು ಕನ್ನಡ, ಹೆಣ್ಣು ತರುವುದು ಕೊಡುವುದು ಚಾಮರಾಜನಗರದ ಕಡೆ. ಆದರೆ ಊರು ಸೇರಿರುವುದು ತಮಿಳುನಾಡಿನ ಈರೋಡ್ ಜಿಲ್ಲೆಗೆ. ಹನೂರಿನ ಆಚೆ ಬರಗೂರು ಬೆಟ್ಟದಲ್ಲೂ ಹೀಗೇ. ತಾಳವಾಡಿಯ ಹೆಣ್ಣುಮಗಳು ಮದುವೆಯಾಗಿ ಚಾಮರಾಜನಗರಕ್ಕೆ ಬಂದರೆ ತವರಿನ ನಂಬರನ್ನು ಇಲ್ಲಿನ ಕಂಪನಿಗೆ ತರುವಂತಿರಲಿಲ್ಲ. ಹನೂರಿನ ಹುಡುಗ ತಿರುಪ್ಪೂರಿನ ಬಟ್ಟೆ ಕಾರ್ಖಾನೆಗೆ ಹೋದರೆ ಅಲ್ಲೊಂದು ನಂಬರು, ಊರಿಗೊಂದು ನಂಬರು.

ಈ ಗೆರೆ ಅಳಿಸಿದ್ದು 2015ರ ಜುಲೈ 3ರಂದು. ಅಂದಿನಿಂದ ದೇಶದ ಯಾವ ಮೂಲೆಗೆ ಹೋದರೂ ಊರಿನ ನಂಬರನ್ನು ಅಲ್ಲಿನ ಕಂಪನಿಗೆ ಹಾಕಿಸಿಕೊಳ್ಳಬಹುದು. ಕಾಸರಗೋಡಿನಿಂದ ಬೆಂಗಳೂರಿಗೆ ಬಂದವರೇ, ಕಲಬುರಗಿಯಿಂದ ಪುಣೆಗೆ ಹೋದವರೇ, ಇದು ನಿಮಗೂ ಸೇರಿದ್ದು.

ಮಾಡುವುದು ಹೇಗೆ? ಕತ್ತರಿಸಿ ಇಟ್ಟುಕೊಳ್ಳಿ

ಒಂದು: ಮೊದಲು ನಂಬರು ನಿಮ್ಮ ಹೆಸರಿನಲ್ಲಿದೆಯೇ ನೋಡಿ. ಹಳ್ಳಿಗಳಲ್ಲಿ ಎಷ್ಟೋ ಸಿಮ್ಮು ಅಂಗಡಿಯವನ, ಭಾವಮೈದನ, ಸತ್ತುಹೋದ ತಾತನ ಹೆಸರಿನಲ್ಲಿವೆ. ಅಂಥದ್ದನ್ನು ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆ ಅರ್ಜಿ ನಡೆಯುತ್ತಿರುವಾಗ ಪೋರ್ಟ್ ಆಗುವುದಿಲ್ಲ.

ಎರಡು: ಮೆಸೇಜಿನಲ್ಲಿ 'ಪೋರ್ಟ್' ಎಂಬ ಪದವನ್ನು ಇಂಗ್ಲಿಷಿನ ನಾಲ್ಕು ಅಕ್ಷರದಲ್ಲಿ (ಪಿ, ಓ, ಆರ್, ಟಿ) ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರು ಹಾಕಿ 1900ಕ್ಕೆ ಕಳಿಸಿ. ನಿಮ್ಮ ರೀಚಾರ್ಜಿನಲ್ಲಿ ಮೆಸೇಜ್ ಸೌಲಭ್ಯ ಇಲ್ಲದಿದ್ದರೂ ಈ ಒಂದು ಮೆಸೇಜ್ ಹೋಗಲೇಬೇಕು. ಕಡಿಮೆ ದುಡ್ಡಿನ ರೀಚಾರ್ಜ್ ಮಾಡಿಸಿದವರಿಗೆ ಆ ದಾರಿ ಮುಚ್ಚಿಹೋಗಿದೆ ಎಂದು ಗೊತ್ತಾದ ಮೇಲೆ 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಹಾಗೆಂದು ಆದೇಶ ಮಾಡಿದೆ.

ಮೂರು: ಎಂಟು ಅಕ್ಷರ-ಅಂಕಿಗಳ ಒಂದು ಗುರುತು ನಿಮಗೆ ಬರುತ್ತದೆ. ಅದಕ್ಕೆ ಯುಪಿಸಿ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಅದರ ಆಯಸ್ಸು 4 ದಿನ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಿ ಗುರುತಿನ ದಾಖಲೆ ತೋರಿಸಿ ಹೊಸ ಸಿಮ್ಮು ತಗೊಳ್ಳಿ. ರಾಜ್ಯದೊಳಗೆ 3 ಕೆಲಸದ ದಿನ, ಬೇರೆ ರಾಜ್ಯಕ್ಕಾದರೆ 5 ಕೆಲಸದ ದಿನದಲ್ಲಿ ನಂಬರು ಬರಬೇಕು. ಮನಸ್ಸು ಬದಲಾದರೆ 24 ಗಂಟೆಯೊಳಗೆ ಅದೇ 1900ಕ್ಕೆ 'ಕ್ಯಾನ್ಸಲ್' ಎಂದು ಇಂಗ್ಲಿಷಿನಲ್ಲಿ ಬರೆದು ನಂಬರು ಹಾಕಿ ಕಳಿಸಬೇಕು.

ನಾಲ್ಕು: ಹಳೆಯ ಕಂಪನಿ ಬೇಕೆಂದಾಗ ಇಲ್ಲ ಎನ್ನುವಂತಿಲ್ಲ. ಇಲ್ಲ ಎನ್ನಲು ಕಾರಣಗಳು ಎಣಿಸಿದಷ್ಟೇ ಇವೆ: ಆ ಕಂಪನಿಗೆ ಬಂದು 90 ದಿನ ಆಗಿಲ್ಲ, ಪೋಸ್ಟ್‌ಪೇಯ್ಡ್ ಬಿಲ್ಲು ಬಾಕಿ ಇದೆ, ಕರಾರು ಮುಗಿದಿಲ್ಲ, ನಂಬರು ಕೋರ್ಟಿನಲ್ಲಿದೆ, ಹೆಸರು ಬದಲಾವಣೆ ನಡೆಯುತ್ತಿದೆ. 2024ರ ಜುಲೈ 1ರಿಂದ ಇನ್ನೊಂದು ಸೇರಿದೆ: ಕಳೆದುಹೋದ ಸಿಮ್ಮಿಗೆ ಬದಲಿ ಪಡೆದಿದ್ದರೆ 7 ದಿನ ಕಾಯಬೇಕು. ಇದು ಕಳ್ಳರ ಕಾಟಕ್ಕೆ ಹಾಕಿದ ಬೇಲಿ, ಬೇಸರ ಬೇಡ. 2019ರ ಡಿಸೆಂಬರ್‌ನಿಂದ ಈ ಅರ್ಹತೆ ನೋಡಿದ ಮೇಲೆಯೇ ಯುಪಿಸಿ ಕೊಡುತ್ತಾರೆ. ಆದ್ದರಿಂದ ಯುಪಿಸಿ ಕೈಗೆ ಬಂತೆಂದರೆ ಮುಕ್ಕಾಲು ಕೆಲಸ ಮುಗಿಯಿತು.

ಐದು: ಇದಕ್ಕೆ ಶುಲ್ಕ ಮೊದಲು 19 ರೂಪಾಯಿ ಇತ್ತು. 2018ರಲ್ಲಿ 4 ರೂಪಾಯಿಗೆ ಇಳಿಯಿತು, 2019ರಲ್ಲಿ 6 ರೂಪಾಯಿ 46 ಪೈಸೆ ಆಯಿತು. ಅಂಗಡಿಯವನು ನೂರು, ಇನ್ನೂರು ಕೇಳಿದರೆ ಅದು ರೀಚಾರ್ಜಿನ ದುಡ್ಡೋ, ಪೋರ್ಟಿನ ದುಡ್ಡೋ ಬಿಡಿಸಿ ಹೇಳು ಎಂದು ಕೇಳಿ.

ಆರು: ಹಳೆಯ ಸಿಮ್ಮಿನಲ್ಲಿ ಉಳಿದ ಪ್ರೀಪೇಯ್ಡ್ ಬ್ಯಾಲೆನ್ಸ್ ಹಿಂದೆ ಬರುವುದಿಲ್ಲ. ಖಾಲಿ ಮಾಡಿಕೊಂಡೇ ಹೊರಡಿ. ಯುಪಿಸಿಯನ್ನು ಫೋನಿನಲ್ಲಿ ಯಾರು ಕೇಳಿದರೂ ಕೊಡಬೇಡಿ. ಅದು ಮನೆಯ ಬೀಗದ ಕೈ. ಅದು ಸಿಕ್ಕವನು ನಿಮ್ಮ ನಂಬರನ್ನು, ಅದರ ಹಿಂದೆಯೇ ನಿಮ್ಮ ಬ್ಯಾಂಕಿನ ದುಡ್ಡನ್ನು ಹೊತ್ತುಕೊಂಡು ಹೋಗಲು ನೋಡುತ್ತಾನೆ.

ಮೆಸೇಜ್ ಕಳಿಸಿದ ಮೇಲೆ ಒಂದು ತಮಾಷೆ ನೋಡಿ. ವರ್ಷಗಟ್ಟಲೆ ನಿಮ್ಮ ದೂರು ಕೇಳದ ಕಂಪನಿಗೆ ಇದ್ದಕ್ಕಿದ್ದಂತೆ ನಿಮ್ಮ ಮೇಲೆ ಪ್ರೀತಿ ಉಕ್ಕುತ್ತದೆ. "ಯಾಕೆ ಹೋಗ್ತಿದ್ದೀರಿ, ಏನು ತೊಂದರೆ?" ಎಂದು ಕರೆ ಬರುತ್ತದೆ. ಇದರಲ್ಲೇ ಇರುವುದು ಗುಟ್ಟು. ಗಿರಾಕಿ ಎದ್ದು ಹೋಗಬಲ್ಲ ಎಂದು ಗೊತ್ತಾದ ದಿನವೇ ಅಂಗಡಿಯವನಿಗೆ ಮರ್ಯಾದೆ ನೆನಪಾಗುತ್ತದೆ.

ಬೆಟ್ಟದ ಮೇಲೆ ಈ ಹಕ್ಕಿನ ಬೆಲೆ ಎಷ್ಟು?

ಎದ್ದು ಹೋಗಬಲ್ಲ ಎಂದೆನಲ್ಲ, ಹೋಗುವುದು ಎಲ್ಲಿಗೆ?

ಶನಿವಾರ ಬಂತೆಂದರೆ ನೀವು ಬೈಕು ಹತ್ತಿ ನಮ್ಮ ಬೆಟ್ಟಕ್ಕೆ ಬರುತ್ತೀರಿ. ಯಳಂದೂರು ದಾಟಿ, ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಘಟ್ಟ ಹತ್ತುವಾಗ ಫೋನಿನ ಮೇಲಿನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ನಿಮಗೆ ಅದು ಎರಡು ದಿನದ ನೆಮ್ಮದಿ. ಕಾಡಿನೊಳಗಿನ ಪೋಡಿನಲ್ಲಿ ಹೆರಿಗೆ ನೋವು ಬಂದ ಹೆಂಗಸಿನ ಮನೆಯವರಿಗೆ, ಆನೆ ದಾರಿಗೆ ಅಡ್ಡ ನಿಂತಾಗ ಶಾಲೆಯ ಮಗುವಿಗಾಗಿ ಕಾಯುವ ತಾಯಿಗೆ ಅದು ನೆಮ್ಮದಿ ಅಲ್ಲ. ಪಟ್ಟಣದಲ್ಲಿ ನಾಲ್ಕು ಕಂಪನಿಯೂ ಹಿಡಿಯುತ್ತದೆ, ಆರಿಸಿಕೊಳ್ಳಬಹುದು. ಒಂದೇ ಗೋಪುರದ ಸಿಗ್ನಲ್ ಹಿಡಿಯುವ ಜಾಗದಲ್ಲಿ ಆರಿಸುವ ಮಾತೇ ಇಲ್ಲ. ಒಂದೂ ಹಿಡಿಯದ ಕಡೆ ಹಕ್ಕು ಬರೀ ಕಾಗದ.

ಕಾಗದದ ಹಕ್ಕು ಎಂದರೇನು ಎಂಬುದು ಇಲ್ಲಿನ ಸೋಲಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 2011ರ ಜನವರಿಯಲ್ಲೇ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋಲಿಗರ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಬಂತು. ಪತ್ರ ಕೈಗೆ ಬಂದ ಮೇಲೂ ಅದನ್ನು ನಡೆಸಿಕೊಳ್ಳಲು ಗ್ರಾಮಸಭೆ ಕೂರಬೇಕು, ಕೇಳಬೇಕು, ಮತ್ತೆ ಮತ್ತೆ ಕೇಳಬೇಕು.

ಆ ಕಾಯ್ದೆಯಲ್ಲೇ ಒಂದು ದಾರಿಯೂ ಇದೆ. ಕಾಡಿನೊಳಗಿನ ಊರುಗಳಿಗೆ ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ದೂರಸಂಪರ್ಕ ತಂತಿ ಮುಂತಾದವಕ್ಕೆ ಗ್ರಾಮಸಭೆ ಶಿಫಾರಸು ಮಾಡಿದರೆ ಜಾಗ ಕೊಡಬಹುದು. ಷರತ್ತು ಎರಡು: ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು. ಇನ್ನು 2022ರ ಜುಲೈನಲ್ಲಿ ಕೇಂದ್ರ ಸರ್ಕಾರ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಿಗ್ನಲ್ಲೇ ಇಲ್ಲದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಮುಟ್ಟಿಸುವುದು ಅದರ ಉದ್ದೇಶ. ನಮ್ಮ ಜಿಲ್ಲೆಯಲ್ಲಿ ಯಾವ ಯಾವ ಪೋಡು ಆ ಪಟ್ಟಿಯಲ್ಲಿದೆ, ಯಾವುದು ಬಿಟ್ಟುಹೋಗಿದೆ? ಕೇಳುವವರು ಯಾರು? ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಹತ್ತು ರೂಪಾಯಿ. ಬೆಂಗಳೂರಿನಲ್ಲಿ ಕೂತು ನೀವೂ ಹಾಕಬಹುದು!

ಹತ್ತು ಇದ್ದದ್ದು ನಾಲ್ಕಾಯಿತು

ಇನ್ನೂ ಒಂದು ಅಪಾಯ ಇದೆ, ಅದು ಪಟ್ಟಣದವರನ್ನೂ ಬಿಡುವುದಿಲ್ಲ. 2011ರಲ್ಲಿ ಈ ಹಕ್ಕು ಬಂದಾಗ ಆರಿಸಿಕೊಳ್ಳಲು ಹತ್ತರ ಸುಮಾರು ಕಂಪನಿಗಳಿದ್ದವು. ಇವತ್ತು ಕರ್ನಾಟಕದಲ್ಲಿ ಉಳಿದಿರುವುದು ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ, ಬಿಎಸ್‌ಎನ್‌ಎಲ್, ಈ ನಾಲ್ಕು. ಪೋರ್ಟ್ ಮಾಡುವುದು ಸುಲಭವಾಗುತ್ತಾ ಬಂತು, ಪೋರ್ಟ್ ಆಗಿ ಹೋಗುವ ಮನೆಗಳು ಕಡಿಮೆಯಾಗುತ್ತಾ ಬಂದವು. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದೇ ವಾರದಲ್ಲಿ ದರ ಏರಿಸಿದವು, ನೂರಕ್ಕೆ 11ರಿಂದ 25ರವರೆಗೆ. ಆಗ ಲಕ್ಷಾಂತರ ಜನ ಬಿಎಸ್‌ಎನ್‌ಎಲ್‌ಗೆ ಹೋದರು. ಅದರ ಸಿಗ್ನಲ್ಲಿಗೆ ಬೈಯುವವರೂ ಆಗ ಒಂದು ವಿಷಯ ಒಪ್ಪಿದರು: ಓಡಿಹೋಗಲು ಒಂದು ಸರ್ಕಾರಿ ಬಾಗಿಲಾದರೂ ಇತ್ತಲ್ಲ! ಆ ಬಾಗಿಲೂ ಮುಚ್ಚಿದರೆ? ಎಲ್ಲ ಅಂಗಡಿಯಲ್ಲೂ ಒಂದೇ ದರ ಇರುವ ಸಂತೆಯಲ್ಲಿ ಚೀಲ ಹಿಡಿದು ಅಲೆಯುವ ಸ್ವಾತಂತ್ರ್ಯದಿಂದ ಏನು ಬಂತು? ಬಿಎಸ್‌ಎನ್‌ಎಲ್ ಸರಿಯಾಗಿ ನಡೆಯಲಿ ಎಂದು ಕೇಳುವುದು ಅದರ ಗಿರಾಕಿಗಳ ಕೆಲಸ ಮಾತ್ರ ಅಲ್ಲ, ನಮ್ಮೆಲ್ಲರ ಕೆಲಸ.

ನಾವು ಕೇಳಬೇಕಾದ್ದು

ನನ್ನ ಮೊದಲ ಬೇಡಿಕೆ ಸಣ್ಣದು. ಹಕ್ಕು ಬೇಕೆಂದು ಕೇಳುವ ಮೆಸೇಜು ಇಂಗ್ಲಿಷಿನಲ್ಲಿ. ಬರುವ ಉತ್ತರ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಬಲ್ಲ ನಮ್ಮ ತಾಯಂದಿರು ಆ ಎಂಟು ಅಕ್ಷರಕ್ಕಾಗಿ ಫೋನನ್ನು ಅಂಗಡಿಯವನ ಕೈಗೆ ಕೊಡಬೇಕು. ಬೀಗದ ಕೈಯನ್ನು ಪರರ ಕೈಗೆ ಕೊಟ್ಟ ಹಾಗೆ. ರೀಚಾರ್ಜ್ ಮುಗಿಯಿತೆಂದು ಬೆಳಗಾಗೆದ್ದು ಕನ್ನಡದಲ್ಲಿ ಕೂಗಿ ಹೇಳಲು ಬರುವ ಕಂಪನಿಗೆ, ಬಿಟ್ಟು ಹೋಗುವ ದಾರಿಯನ್ನು ಕನ್ನಡದಲ್ಲಿ ಹೇಳಲು ಯಾಕೆ ಬಾಯಿ ಬರುವುದಿಲ್ಲ? 'ಬದಲಾವಣೆ' ಎಂದು ಕನ್ನಡದಲ್ಲಿ ಬರೆದು ಕಳಿಸಿದರೆ ಕನ್ನಡದಲ್ಲೇ ಉತ್ತರ ಬರಬೇಕು. ಓದು ಬಾರದವರಿಗೆ ಕರೆ ಮಾಡಿ ಕನ್ನಡದಲ್ಲಿ ಕೇಳುವ ಒಂದು ಪುಕ್ಕಟೆ ನಂಬರು ಬೇಕು. ಟ್ರಾಯ್‌ನ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ. ನಿಮ್ಮ ಸಂಘದಿಂದ ಒಂದು ಮನವಿ ಕೊಡಲು ದೆಹಲಿಗೆ ಹೋಗಬೇಕಾಗಿಲ್ಲ.

ಎರಡನೆಯದು, ಪೋಡುಗಳ ಸಿಗ್ನಲ್. ಈ ಸಲ ಬೆಟ್ಟಕ್ಕೆ ಬಂದಾಗ ಫೋಟೋ ತೆಗೆಯುವುದರ ಜೊತೆಗೆ ಯಾವ ಪೋಡಿನಲ್ಲಿ ಯಾವ ಕಂಪನಿ ಹಿಡಿಯುತ್ತದೆ ಎಂದು ಬರೆದುಕೊಳ್ಳಿ. ಕಂಪನಿಗಳು ತಮ್ಮ ಸಿಗ್ನಲ್ಲಿನ ನಕ್ಷೆಯನ್ನು ಜನರಿಗೆ ತೋರಿಸಬೇಕೆಂದು ಟ್ರಾಯ್ ಈಗ ಕಡ್ಡಾಯ ಮಾಡಿದೆ. ಆ ನಕ್ಷೆಯ ಬಣ್ಣ ನಿಜವೋ ಸುಳ್ಳೋ ಎಂಬುದನ್ನು ಹೇಳಬಲ್ಲವರು ಅಲ್ಲಿ ನಿಂತು ನೋಡಿದವರು. ಬರೆದದ್ದನ್ನು ಗ್ರಾಮಸಭೆಗೆ ಕೊಡಿ, ಜಿಲ್ಲಾಧಿಕಾರಿಗೆ ಕೊಡಿ, ಪತ್ರಿಕೆಗೆ ಕೊಡಿ.

ಮೂರನೆಯದು ನಿಮ್ಮ ಮನೆಯ ಕೆಲಸ. ಈ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಫೋನು ತೆಗೆದುಕೊಂಡು ನೋಡಿ. ನಂಬರು ಯಾರ ಹೆಸರಿನಲ್ಲಿದೆ? ನಿಮ್ಮೂರಲ್ಲಿ ಚೆನ್ನಾಗಿ ಹಿಡಿಯುವ ಕಂಪನಿ ಯಾವುದು? ನಕ್ಷೆಗಿಂತ ಮೊದಲು ಪಕ್ಕದ ಮನೆಯವರನ್ನು ಕೇಳಿ, ಅವರ ಸಿಮ್ಮನ್ನು ಹತ್ತು ನಿಮಿಷ ಹಾಕಿ ಹಿತ್ತಿಲಲ್ಲಿ ನಿಂತು ನೋಡಿ. ಬೇರೆ ಕಂಪನಿಯೇ ಮೇಲು ಎನಿಸಿದರೆ ಅಲ್ಲೇ ಕೂತು ಮೆಸೇಜ್ ಕಳಿಸಿ. ನೀವು ಕಳಿಸುವುದನ್ನು ಅಪ್ಪ ನೋಡಲಿ, ಮುಂದಿನ ಸಲ ತಾವೇ ಕಳಿಸುವಂತೆ ಕಲಿಸಿ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಬಿಟ್ಟು ಹೋಗುವ ದಾರಿ ಗೊತ್ತಿರುವ ಗಿರಾಕಿಯನ್ನು ಮಾತ್ರ ಅಂಗಡಿಯವನು ಕೂರಿಸಿ ಮಾತಾಡಿಸುತ್ತಾನೆ. ನೀವು ನಾಲ್ಕು ಜನ ದಾರಿ ಕಲಿತರೆ ನಿಮ್ಮ ನಾಲ್ಕು ಮನೆಗೆ ಮರ್ಯಾದೆ. ಊರೇ ಕಲಿತರೆ ಊರಿಗೊಂದು ಗೋಪುರ. ಸಿಮ್ಮು ಸವೆದರೆ ಬಿಸಾಕಿ. ನಂಬರನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ!